ಕ್ಯಾಮರಾದ ಬಾಣಂತನ

ಪಕ್ಕದ ಮನೆಯಲ್ಲಿ ಕೂಸು ಹುಟ್ಟಿದೆ. ಬೆಳಿಗ್ಗೆ ಹತ್ತು ಗಂಟೆಯಾದರೆ ಸಾಕು, ಅವರ ಬಚ್ಚಲ ಕಿಟಕಿಯಿಂದ ಲೋಬಾನದ ಹೊಗೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತುಬಿಡುತ್ತದೆ. ಈ ವಾಸನೆಗೆ ನಿಮಗೆ ಎಳೆಗೂಸು ನೆನಪಾಗಬಹುದು. ನನಗೆ ಕ್ಯಾಮರಾ ನೆನಪಾಗುತ್ತದೆ. ನಗಬೇಡಿ, ಸ್ವಲ್ಪ ಕೇಳಿ.

ಕರ್ನಾಟಕ ಒಂದಾದ ವರ್ಷ ನಾನು ಕುರ್ತಕೋಟಿಯಲ್ಲಿ ಶಾಲೆಯ ಮಾಸ್ತರ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಶಾರದೆಗೆ ಐದು ತಿಂಗಳು. ಗದಗದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಮಾವನವರ ಬಳಿ ಮುಂಬಯಿಯಿಂದ ತರಿಸಿದ ಒಂದು ಮಡಚುವ ಕ್ಯಾಮರಾ ಇತ್ತು. ಅದರ ಚರ್ಮದ ಮಡಿಕೆಗಳು ಹಾರ್ಮೋನಿಯಂ ತಿದಿಯ ಹಾಗೆ ತೆರೆದುಕೊಳ್ಳುತ್ತಿದ್ದವು. ಏಕೀಕರಣದ ಮೆರವಣಿಗೆಯ ಚಿತ್ರ ತೆಗೆಯುತ್ತೇನೆಂದು ಕೇಳಿದೆ. ಕೊಟ್ಟರು. ಕೊಡುವಾಗ ಒಂದು ಮಾತನ್ನೂ ಸೇರಿಸಿ ಕೊಟ್ಟರು.

“ಅಳಿಯಂದ್ರ, ಈ ಪೆಟಗಿ ಹೆಂಗ ಕಾಯ್ತೀರಿ ನೋಡ್ತೀನಿ. ಇದನ್ನ ಕಾಯಾಕ ಆಗದವರು ನನ್ನ ಮಗಳನ್ನ ಏನ್ ಕಾಯ್ತೀರಿ?”

ತಾಯಿಯಿಲ್ಲದ ಮಗಳು. ಸಣ್ಣ ನೆಪ ಸಿಕ್ಕರೂ ಏಳನೇ ತಿಂಗಳವರೆಗೆ ಕಾಯದೆ ಆಗಲೇ ತವರಿಗೆ ಕರೆದೊಯ್ಯಲು ಅವರು ತಯಾರಿದ್ದರು. ಅವಳಿಲ್ಲದ ಮನೆಯನ್ನು ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಮೆರವಣಿಗೆಯ ಹಿಂದಿನ ದಿನ ಮಳೆ ಹೊಡೆದು ಎರೆಮಣ್ಣಿನ ದಾರಿ ನಾದಿಟ್ಟ ಹಿಟ್ಟಾಗಿತ್ತು. ನಾನು ಶೃಂಗರಿಸಿದ ಚಕ್ಕಡಿಯ ಮೇಲೆ ನಿಂತು, “ಎಲ್ಲಾರೂ ಈ ಕಡೆ ನೋಡ್ರಿ!” ಎಂದೆ. ಎಲ್ಲರೂ ನೋಡಿದರು, ಅದೇ ಹುರುಪಿನಲ್ಲಿ ಹಲಗೆಯವರು ಬಾರಿಸಿಯೂಬಿಟ್ಟರು. ಎತ್ತುಗಳು ಬೆದರಿ ಜಗ್ಗಿದವು. ಮೊದಲು ಕ್ಯಾಮರಾ, ಅದರ ಹಿಂದೆ ನಾನು, ಬೋರಲಾಗಿ ಕೆಸರಿಗೆ. ಮಾಸ್ತರರು ನಾಡತಾಯಿಗೆ ದೀಡ ನಮಸ್ಕಾರ ಹಾಕಿದರೆಂದು ಜನ ಜಯಕಾರ ಕೂಗಿದರು. ಇಬ್ಬರಂತೂ ಭಕ್ತಿ ತಡೆಯಲಾರದೆ ನನ್ನ ಪಕ್ಕದಲ್ಲೇ ಅಡ್ಡಬಿದ್ದರು.

ಮನೆಗೆ ಬಂದವನೇ ಒದ್ದೆ ಬಟ್ಟೆಯಿಂದ ಒರೆಸತೊಡಗಿದೆ. ಮಣ್ಣು ಹೋಗುವ ಬದಲು ಮಡಿಕೆಗಳ ಒಳಗೆ ಹೊಕ್ಕಿತು. ಆಗ ಬಂದವಳು ಗಂಗವ್ವ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಎರೆಯುವ ಮುದುಕಿ ಅವಳು.

“ಕೈ ತಗೀರಿ ಮಾಸ್ತರ. ಎರಿ ಮಣ್ಣ ಹಸಿ ಇದ್ದಾಗ ಮುಟ್ಟಿದ್ರ ಮೈಮ್ಯಾಲ ಬರತೈತಿ. ಒಣಗಾಕ ಬಿಡ್ರಿ, ತಾನ ಬಿರದು ಬೀಳತೈತಿ.”

“ಮಾವನವರು ನಾಡಿದ್ದ ಬರ್ತಾರ, ಗಂಗವ್ವ!”

“ಬರ್ಲಿ. ಅವರು ಬರ್ತಾರಂತ ಮಣ್ಣ ಜಲ್ದಿ ಒಣಗತೈತೇನು?”

ಎರಡು ದಿನ ಕ್ಯಾಮರಾಕ್ಕೆ ಬಾಣಂತನ ನಡೆಯಿತು. ನೆರಳಿನಲ್ಲಿ ಒಣಗಿದ ಮಣ್ಣು ಅವಳು ಹೇಳಿದಂತೆಯೇ ಚಕ್ಕೆಚಕ್ಕೆಯಾಗಿ ಉದುರಿತು. ಹಳೆಯ ಧೋತರದ ಚೂರನ್ನು ಬತ್ತಿಯಂತೆ ಹೊಸೆದು, ಕೂಸಿನ ಕೊರಳ ಸಂದಿ ಒರೆಸುವ ಹಾಗೆ ಒಂದೊಂದೇ ಮಡಿಕೆ ಬಿಡಿಸಿ ಒರೆಸಿದಳು. ಗಾಜನ್ನು ಅವಳು ಕಣ್ಣು ಎಂದೇ ಕರೆಯುತ್ತಿದ್ದಳು. ಅದಕ್ಕೆ ಬಾಯಿಂದ ಬಿಸಿಯುಸಿರು ಬಿಟ್ಟು ಒರೆಸಿದಳು. ಕೊನೆಗೆ ಕೆಂಡದ ಮೇಲೆ ಲೋಬಾನ ಉದುರಿಸಿ, ಬುಟ್ಟಿ ಬೋರಲು ಹಾಕಿ, ಮೇಲೆ ಕ್ಯಾಮರಾ ಇಟ್ಟು ಅದರ ಥಂಡಿ ತೆಗೆದಳು. ಎಣ್ಣೆ ತಿಕ್ಕುತ್ತೇನೆಂದು ಕುಳಿತಾಗ ಮಾತ್ರ ನಾನು ಅವಳ ಕಾಲು ಹಿಡಿದೆ.

ಮಾವನವರು ಬಂದರು. “ನೀವು ಕೊಟ್ಟಾಗ ಹೆಂಗಿತ್ತೋ ಹಂಗ ಐತ್ರಿ” ಎಂದು ಕ್ಯಾಮರಾ ಒಪ್ಪಿಸಿದೆ. ಅವರು ಅದನ್ನು ತೆರೆದವರು ಹಾಗೇ ನಿಂತರು. ಗಾಜಿನ ಸುತ್ತ ಇದ್ದ ಬಿಳಿ ತಗಡಿನ ಮೇಲೆ, ಗಲ್ಲದ ಜಾಗದಲ್ಲಿ, ದುಂಡಗೆ ಒಂದು ಕಾಡಿಗೆಯ ಬೊಟ್ಟು! ಗಂಗವ್ವ ಅದನ್ನು ಯಾವಾಗ ಇಟ್ಟಿದ್ದಳೋ ನನಗೆ ಗೊತ್ತೇ ಇರಲಿಲ್ಲ.

“ಅಳಿಯಂದ್ರ, ಕ್ಯಾಮರಾಕ್ಕ ದೃಷ್ಟಿಬೊಟ್ಟು ಇಡೂ ಪದ್ಧತಿ ಯಾವಾಗಿಂದ ಬಂತು?”

ನಾನು ಶಾರದೆಯ ಮುಖ ನೋಡಿದೆ. ಶಾರದೆಯೇ ಹೇಳಿದಳು: “ಅಪ್ಪಾ, ರಾಡ್ಯಾಗ ಬಿದ್ದಿತ್ತು. ಗಂಗವ್ವ ಜ್ವಾಪಾನ ಮಾಡ್ಯಾಳ.”

ಮಾವನವರು ಮಡಿಕೆಗಳನ್ನು ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದರು. ಮೂಸಿದರು. “ಇಕಿ ಅವ್ವನೂ ಇಕಿಗೆ ಹಿಂಗ ಲೋಬಾನ ಹಾಕ್ತಿದ್ಲು” ಎಂದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಶಾರದೆಯ ಟ್ರಂಕು ತುಂಬಲು ಹೇಳುತ್ತಾರೆಂದೇ ನಾನು ತಿಳಿದೆ.

“ಚೊಚ್ಚಲ ಹೆರಿಗಿ ತವರಾಗ ಆಗಬೇಕು, ಖರೆ. ಆದ್ರ ನಮ್ಮ ಮನ್ಯಾಗ ಬರೇ ಗಂಡಸರ ಕಾರಭಾರ. ಹೆರಿಗಿ ಇಲ್ಲೇ ಆಗ್ಲಿ” ಎಂದರು.

ಹಾಗೆಯೇ ಆಯಿತು. ಹೆಣ್ಣು ಮಗು, ಗಂಗವ್ವನೇ ಎರೆದಳು.

ನಲವತ್ತು ವರ್ಷ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ. ಪ್ರತಿಸಲವೂ ಇಲ್ಲಿಗೇ ನಿಲ್ಲಿಸಿ, ಮಾವನವರಿಗೆ ನನ್ನ ಮೇಲೆ ಎಷ್ಟು ಭರವಸೆ ನೋಡಿ ಎಂಬಂತೆ ಮೀಸೆ ತಿರುವುತ್ತಿದ್ದೆ. ಆಗ ಅಡುಗೆಮನೆಯಿಂದ ಶಾರದೆ ತನ್ನ ಅಪ್ಪನ ಮಾತಿನ ಉಳಿದರ್ಧವನ್ನು ಕೂಗಿ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಅವಳು ಹೋಗಿ ಎರಡು ವರ್ಷವಾಯಿತು. ಇವತ್ತು ಕತೆ ಇಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ಒಂದು ಗಳಿಗೆ ಅಡುಗೆಮನೆಯತ್ತ ಕಿವಿಗೊಟ್ಟೆ. ಇನ್ನು ನಾನೇ ಹೇಳಬೇಕು. ಮಾವನವರು ಪೂರಾ ಅಂದದ್ದು ಹೀಗೆ: “ಹೆರಿಗಿ ಇಲ್ಲೇ ಆಗ್ಲಿ. ಗಂಗವ್ವನ್ನ ನಂಬಿ ಬಿಡಾಕತ್ತೀನಿ, ಅಳಿಯಂದ್ರ. ನಿಮ್ಮನ್ನ ನಂಬಿ ಅಲ್ಲ ಮತ್ತ.”