ಕರಿಬಸಮ್ಮನ ಕೆನ್ನೆಯ ಅರಿಶಿನ

ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಶಾಂತಮಲ್ಲಪ್ಪನ ಅಂಗಡಿ ಈಗಲೂ ಇದೆ. ಬೀಗ ಹಾಕಿದೆ. ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತವನು ಹಾಗೇ ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ. ಅವನ ಮಾತು ಬಂದಾಗ ಊರಿನವರು ಮೊದಲು ಹೇಳುವುದು ಅನುಮಾನದ ಮನುಷ್ಯ ಎಂದು. ಅದು ನಿಜ. ಹಾಲಿನವನು ಇನ್ನೂ ಬಾಗಿಲಲ್ಲಿ ಇರುವಾಗಲೇ ಒಂದು ತೊಟ್ಟು ಹಾಲನ್ನು ಉಗುರಿನ ಮೇಲೆ ಇಟ್ಟುಕೊಂಡು ಅದು ಜಾರುವುದನ್ನು ನೋಡುತ್ತಿದ್ದ. ಬಸ್ಸು ಈಗಲೇ ಹೊರಡುತ್ತದೆ ಎಂದು ಕಂಡಕ್ಟರ್ ಕೂಗಿದರೆ, ಡ್ರೈವರ್ ಸೀಟಿನಲ್ಲಿ ಇದ್ದಾನೋ ಇಲ್ಲವೋ ಎಂದು ಬಗ್ಗಿ ನೋಡಿ ಆಮೇಲೆ ಹತ್ತುತ್ತಿದ್ದ. ಮದುವೆಮನೆಯಲ್ಲಿ ಪಾಯಸ ಎರಡನೇ ಸಲ ಬಂದರೆ, ಇಷ್ಟು ಯಾಕೆ ಉಳಿಯಿತು, ಏನಾದರೂ ಬಿದ್ದಿತ್ತೇ ಎಂದು ಪಕ್ಕದವನನ್ನು ಕೇಳುವವನು. ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡವರಿಗೆ ಈಗ ಪಾಯಸ ಅಷ್ಟು ರುಚಿಸುವುದಿಲ್ಲ.

ಅವನ ಅಂಗಡಿಯ ಬೋರ್ಡಿನಲ್ಲಿ ಲಗ್ನಪತ್ರಿಕೆ, ಲ್ಯಾಮಿನೇಷನ್, ಜೆರಾಕ್ಸ್ ಎಂದೆಲ್ಲ ಬರೆದಿತ್ತು. ಆದರೆ ಸುತ್ತಲಿನ ಹಳ್ಳಿಯವರು ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಮನೆಯಲ್ಲಿ ಯಾರಾದರೂ ತೀರಿಕೊಂಡಾಗ. ಶಿವಗಣಾರಾಧನೆಯ ದಿನ ಹೂವಿನ ನಡುವೆ ಇಡುವುದಕ್ಕೆ ಒಂದು ದೊಡ್ಡ ಫೋಟೋ ಬೇಕು. ಹೊಲದಲ್ಲೇ ಆಯಸ್ಸು ಕಳೆದವರು ಒಂಟಿಯಾಗಿ ಕೂತು ಫೋಟೋ ತೆಗೆಸಿಕೊಂಡಿರುವುದಿಲ್ಲ. ಯಾವುದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನ ಒಂದು ಮುಖ ಸಿಕ್ಕರೆ ಅದೇ ಪುಣ್ಯ. ಅದನ್ನು ಅವನು ಸ್ಕ್ಯಾನ್ ಮಾಡಿ, ಮುಖ ಬಿಡಿಸಿ, ಮಡಿಸಿದ ಗೆರೆ ತೆಗೆದು, ಹೆಗಲ ಮೇಲಿದ್ದ ಬೇರೆಯವರ ಕೈ ಅಳಿಸಿ, ಹೆಗಲೇ ಇಲ್ಲದಿದ್ದರೆ ಇನ್ನೊಬ್ಬರ ಹೆಗಲು ಕೂಡಿಸಿ, ಹಿಂದೆ ತಿಳಿನೀಲಿ ಹಾಕಿ ಕೊಡುತ್ತಿದ್ದ. ಹಳೆಯ ಬಣ್ಣದ ಫೋಟೋಗಳು ಹಳದಿಗೆ ತಿರುಗಿರುತ್ತವೆ. ಆ ಹಳದಿ ತೆಗೆಯುವುದು ಅವನ ಮೊದಲ ಕೆಲಸ. ಈಚೆಗೆ ಮೊಬೈಲಿನಲ್ಲೇ ಮುಖ ನುಣ್ಣಗೆ ಮಾಡಿಸಿಕೊಂಡು ಬರುವವರಿದ್ದರು. ಅವನು ಅದನ್ನು ಮುಟ್ಟುತ್ತಿರಲಿಲ್ಲ. ಇದು ನಿಮ್ಮಪ್ಪನ ಮುಖ ಅಲ್ಲ, ಯಂತ್ರ ಯಾರದೋ ಮುಖ ತಂದು ಅಂಟಿಸಿದೆ, ಆ ಮಸುಕು ಫೋಟೋನೇ ಕೊಡಿ ಎನ್ನುತ್ತಿದ್ದ.

ಅಂಥವನ ಅಂಗಡಿಗೆ ಉಡಿಗಾಲದ ದೊಡ್ಡಮಲ್ಲಪ್ಪ ಒಂದು ದಿನ ಟವೆಲ್ಲಿನಲ್ಲಿ ಸುತ್ತಿದ ಫ್ರೇಮು ಹಿಡಿದು ಬಂದರು. ಉಡಿಗಾಲ ಶಾಂತಮಲ್ಲಪ್ಪನದೂ ಊರು. ದೊಡ್ಡಮಲ್ಲಪ್ಪ ವರಸೆಯಲ್ಲಿ ಅವನಿಗೆ ದೊಡ್ಡಪ್ಪ. ಅವರ ಹೆಂಡತಿ ಕರಿಬಸಮ್ಮ ತೀರಿಕೊಂಡು ಆರೇಳು ತಿಂಗಳಾಗಿತ್ತು. ಆಗ ಫೋಟೋ ಮಾಡಿಕೊಟ್ಟವನು ಇವನೇ. ಮುದುಕರು ಫ್ರೇಮನ್ನು ಮೇಜಿನ ಮೇಲೆ ಇಟ್ಟು, ಬಿಚ್ಚದೆ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

“ಅವ್ಳು ಮುತ್ತೈದೆಯಾಗಿ ಓದೋಳು ಕಣಪ್ಪ,” ಎಂದರು. “ಒಂದಿನನೂ ಮಕಕ್ಕೆ ಅರಿಶ್ನ ಅಚ್ಚದೆ ಬಾಗ್ಲಿಗೆ ಬಂದೋಳಲ್ಲ. ನೀನು ಅರಿಶ್ನ ತೊಳ್ದು ಕೊಟ್ಟಿದ್ದೀಯಲ್ಲ. ನಾನು ಬದ್ಕಿರುವಾಗ್ಲೇ ನನ್ನೆಡ್ತಿ ಮಕವ ಮುಂಡೆ ಮಕ ಮಾಡ್ಬುಟ್ಟೆ.”

ಆರಾಧನೆಯ ಗಲಾಟೆಯಲ್ಲಿ ಯಾರೂ ಗಮನಿಸಿರಲಿಲ್ಲವಂತೆ. ಗೋಡೆಗೆ ಹಾಕಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಕೇಳಲು ಶುರುಮಾಡಿದರು. ಈಗ ವರ್ಷದ ಪುಣ್ಯಸ್ಮರಣೆಗೆ ಹೊಸದು ಮಾಡಿಕೊಡಬೇಕು, ಅರಿಶಿನ ಇರಬೇಕು, ಇಲ್ಲದಿದ್ದರೆ ಫೋಟೋ ಇಲ್ಲದೆಯೇ ಪೂಜೆ ಮಾಡುತ್ತೇನೆ ಎಂದು ಹೇಳಿ ಮುದುಕರು ಎದ್ದುಹೋದರು. ಬೈದಿದ್ದರೆ ವಾಸಿಯಿತ್ತು.

ಶಾಂತಮಲ್ಲಪ್ಪ ಆ ಹಳೆಯ ಗುಂಪು ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿ ನೋಡಿದ. ಹಳದಿ ಇತ್ತು, ಆದರೆ ಎಲ್ಲರ ಮುಖದಲ್ಲೂ, ಸೀರೆಯಲ್ಲೂ, ಚಪ್ಪರದಲ್ಲೂ ಅದೇ ಹಳದಿ. ಅರಿಶಿನ ಯಾವುದು, ಕಾಗದ ಯಾವುದು? ಅವನ ಅನುಮಾನ ಮೊದಲು ದೊಡ್ಡ ಪ್ರಿಂಟು ಹಾಕಿಕೊಡುತ್ತಿದ್ದ ಮೈಸೂರಿನವರ ಮೇಲೆ ಹೋಯಿತು. ಬೇರೆ ಕಡೆ ಪ್ರಿಂಟ್ ಹಾಕಿಸಿದ. ಆಮೇಲೆ ಸ್ಕ್ಯಾನರಿನ ಮೇಲೆ. ಆಮೇಲೆ ಅಂಗಡಿಯ ಟ್ಯೂಬ್‌ಲೈಟಿನ ಮೇಲೆ. ದಿನಾ ಸಂಜೆ ಪೇಪರ್ ಓದಲು ಬಂದು ಕೂರುತ್ತಿದ್ದ ಗೆಳೆಯ ಗುರುಪಾದಸ್ವಾಮಿ, ಮೇಷ್ಟ್ರಾಗಿದ್ದವರು, ಬಗ್ಗಿ ನೋಡಿ ಕೆನ್ನೆಯ ಹತ್ತಿರ ಏನೋ ಬೇರೆ ಥರ ಇದೆ ಅಂದರು. ಪುಸ್ತಕ ಓದಿ ಓದಿ ಸವೆದ ಕಣ್ಣು, ಅದನ್ನು ನಂಬುವುದು ಹೇಗೆ ಎಂದು ಶಾಂತಮಲ್ಲಪ್ಪ ಅವರ ಕನ್ನಡಕ ತೆಗೆಸಿ, ಒರೆಸಿಕೊಟ್ಟು, ಮತ್ತೆ ನೋಡಿಸಿದ. ಅವರು ಅದೇ ಮಾತು ಹೇಳಿದರು. ಕೊನೆಗೆ ಅವನ ಅನುಮಾನ ಬಂದು ನಿಂತದ್ದು ಮಾನಿಟರಿನ ಮೇಲೆ. ಹಳೆಯದು, ಮೂಲೆಯಲ್ಲಿ ಕಪ್ಪು ಕಟ್ಟಿತ್ತು. ಸಿಕ್ಕಿಬಿದ್ದ ಕಳ್ಳನನ್ನು ನೋಡುವ ಹಾಗೆ ಅದನ್ನು ನೋಡತೊಡಗಿದ.

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿದ್ದ ಸುಧಾಕರ್ ಅವನಿಗೆ ಪ್ರಿಂಟರಿನ ಇಂಕು ಕೊಡಲು ಆಗಾಗ ಬರುತ್ತಿದ್ದ. ವಿಷಯ ಕೇಳಿದವನೇ, ಮಾಮೂಲಿ ಮಾನಿಟರ್ ಬೇಡ, ಫೋರ್‌ಕೆ ತಗೊಳ್ಳಿ, ಬೆಲೆ ಮೂರು ಪಟ್ಟು, ಆದರೆ ಚುಕ್ಕಿ ನಾಲ್ಕು ಪಟ್ಟು, ಕೂದಲು ಕೂದಲೂ ಬಿಡಿಯಾಗಿ ಕಾಣುತ್ತದೆ ಅಂದ. ಶಾಂತಮಲ್ಲಪ್ಪ ಇಂಕಿನ ಬಾಟಲಿಯ ಮುಚ್ಚಳ ತಿರುಗಿಸಿ ನೋಡುತ್ತ ಕೇಳಿದ:

“ಫೋಟೋದೊಳ್ಗೇ ಇಲ್ದಿರೋ ಚುಕ್ಕಿಯ ನಿನ್ ಮಾನಿಟರ್ ಎಲ್ಲಿಂದ ತಂದದಪ್ಪ? ನಿಮ್ಮೂರ ಸಂತೆಯಿಂದ್ಲಾ?”

ಸುಧಾಕರ್ ನಕ್ಕ. ಬಂದು ನೋಡಿ ಅಣ್ಣ, ನೋಡೋದಕ್ಕೆ ಕಾಸು ಕೇಳಲ್ಲ ಅಂದ. ಅವನು ನಕ್ಕದ್ದು ಶಾಂತಮಲ್ಲಪ್ಪನಿಗೆ ಹಿಡಿಸಲಿಲ್ಲ. ಮಾರುವವನು ನಕ್ಕರೆ ಬೆಲೆಯಲ್ಲಿ ಏನೋ ಇದೆ ಎಂದರ್ಥ ಎಂದು ಅವನ ಲೆಕ್ಕ.

ಹೆಂಡತಿ ಶಿವಲಕ್ಷ್ಮಿಗೆ ಗುಂಡ್ಲುಪೇಟೆಯಲ್ಲಿ ತಂಗಿಯ ಮನೆಗೆ ಹೋಗುವುದಿತ್ತು. ಜೊತೆಗೆ ಇವನೂ ಹೊರಟ. ಜೇಬಿನಲ್ಲಿ ಪೆನ್‌ಡ್ರೈವ್, ಅದರಲ್ಲಿ ಕರಿಬಸಮ್ಮ. ಸುಧಾಕರನ ಅಂಗಡಿಯಲ್ಲಿ ಮಾಮೂಲಿಯದೂ ದುಬಾರಿಯದೂ ಒಂದೇ ಅಳತೆಯ ಎರಡು ಮಾನಿಟರ್ ಪಕ್ಕಪಕ್ಕ ಇದ್ದವು. ದುಬಾರಿಯದರಲ್ಲಿ ಒಂದು ಹಸಿರು ಗಿಳಿ ರೆಕ್ಕೆ ಬಿಚ್ಚಿ ಹಾರುತ್ತಿತ್ತು. ಗಿಳಿ ನನ್ನ ಗಿರಾಕಿ ಅಲ್ಲ, ನಂದು ಹಾಕು ಅಂದ ಶಾಂತಮಲ್ಲಪ್ಪ. ಆ ಹಳೆಯ ಗುಂಪು ಫೋಟೋ ಹಾಕಿದ ಮೇಲೆ, ಮಾಮೂಲಿಯದರ ಬೆಳಕನ್ನು ಬೇಕೆಂದೇ ಕಮ್ಮಿ ಮಾಡಿಟ್ಟಿರಬಹುದೆಂದು ತಾನೇ ಬಟನ್ ಒತ್ತಿ ಎರಡನ್ನೂ ಸಮ ಮಾಡಿದ. ವೈರು ಅದಲುಬದಲು ಮಾಡಿಸಿದ. ಅಂಗಡಿಯ ಬೀದಿ ಬಾಗಿಲು ಮುಚ್ಚಿಸಿದ. ಎಲ್ಲ ಆದ ಮೇಲೆ ಎರಡರ ಮುಂದೆಯೂ ನಿಂತು, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ ನೋಡಿದ.

ಎರಡೂ ಒಂದೇ ಥರ ಇದ್ದವು.

ಅವನ ಮುಖದಲ್ಲಿ ಗೆಲುವು ಬಂತು. ನಾಲ್ಕು ಪಟ್ಟು ಚುಕ್ಕಿಯಂತೆ, ಒಂದು ಚುಕ್ಕಿಯಷ್ಟೂ ವ್ಯತ್ಯಾಸವಿಲ್ಲ, ಗಿಳಿ ತೋರಿಸಿ ಊರನ್ನೇ ಏಮಾರಿಸುತ್ತಿದ್ದಾರೆ ಎಂದು ಹೇಳಲು ತಿರುಗಿದರೆ, ಹೆಂಡತಿ ಮಾನಿಟರಿನ ಕಡೆ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು.

“ಇದ್ರಲ್ಲಿ ಅರಿಶ್ನ ಅದೆಯಲ್ಲ, ಕೆನ್ನೆ ಮ್ಯಾಲೆ,” ಎಂದಳು. “ಎರಡ್ರಲ್ಲೂ ಅದೆ ಕಣ್ರೀ. ನಿಮ್ಗೆ ಕಾಣಾಕಿಲ್ವಾ?”

ಅವನಿಗೆ ಮೊದಲು ಬಂದ ಯೋಚನೆ ಇವಳೂ ಸುಧಾಕರನೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು. ಇದನ್ನು ಮುಂದೆ ಅವನೇ ಹೇಳಿದ, ನಾಚಿಕೆಯಿಲ್ಲದೆ. ಟೀ ತರಲೆಂದು ಸುಧಾಕರನನ್ನು ಹೊರಗೆ ಕಳಿಸಿ, ಪೆನ್‌ಡ್ರೈವಿನಲ್ಲಿದ್ದ, ಹೆಂಡತಿ ಎಂದೂ ನೋಡಿರದ ಬೇರೊಂದು ಹೆಂಗಸಿನ ಫೋಟೋ ತೆರೆದು, ಕಿವಿಯಲ್ಲಿ ಏನಿದೆ ಎಂದು ಕೇಳಿದ. ದುಬಾರಿಯದರಲ್ಲಿ ಓಲೆ, ಅದರ ಮೇಲೆ ಬುಗುಡಿ, ಬುಗುಡಿಯಲ್ಲಿ ಒಂದು ಕಲ್ಲು ಬಿದ್ದುಹೋಗಿದೆ ಅಂದಳು. ಇನ್ನೊಂದರಲ್ಲಿ ಬುಗುಡಿ ಇದೆ, ಕಲ್ಲಿನದು ಗೊತ್ತಾಗುತ್ತಿಲ್ಲ ಅಂದಳು. ಅವನಿಗೆ ಎರಡರಲ್ಲೂ ಕಂಡದ್ದು ಕಿವಿಯ ಹತ್ತಿರ ಒಂದು ಮಬ್ಬು. ಮೌಸ್ ಹಿಡಿದು ಕಿವಿಯನ್ನು ಪರದೆ ತುಂಬುವಷ್ಟು ಹಿಗ್ಗಿಸಿದ. ಬುಗುಡಿ ಬಂತು, ಕಲ್ಲಿಲ್ಲದ ಗೂಡೂ ಬಂತು.

ಸುಧಾಕರ್ ಟೀ ತಂದಾಗ ಶಾಂತಮಲ್ಲಪ್ಪ ಸ್ಟೂಲಿನ ಮೇಲೆ ಕೂತಿದ್ದ. ಟೀ ಕುಡಿದು, ಪೆನ್‌ಡ್ರೈವ್ ಕಿತ್ತುಕೊಂಡು ಎದ್ದ. ಬಸ್ಸಿನಲ್ಲಿ ಮುಂದಿನ ಸೀಟಿನವನ ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಎಡಗಣ್ಣಿಗೆ ಅದು ಮಾಸಲು. ಬಲಗಣ್ಣಿಗೆ ಟೀ ಸೋಸುವ ಬಟ್ಟೆ.

“ಯಾರ್ಗೂ ಏಳ್ಬ್ಯಾಡ,” ಎಂದ ಹೆಂಡತಿಗೆ.

ಕಣ್ಣು ಹೋಗಿದ್ದಕ್ಕೆ ಅಲ್ಲ ಅವನು ಹೆದರಿದ್ದು. ಪೊರೆ ಬಂದರೆ ತೆಗೆಸಬಹುದು. ಎಂದಿನಿಂದ ಬಂದಿದೆ ಎಂಬುದು ಪ್ರಶ್ನೆ. ಒಂದು ವರ್ಷವೋ, ಮೂರು ವರ್ಷವೋ? ಆ ವರ್ಷಗಳಲ್ಲಿ ಅವನು ಹಳದಿ ಎಂದು ತೆಗೆದದ್ದರಲ್ಲಿ ಎಷ್ಟು ಫೋಟೋದ್ದು, ಎಷ್ಟು ತನ್ನ ಕಣ್ಣಿನದು, ಎಷ್ಟು ಜನ ಮುತ್ತೈದೆಯರ ಕೆನ್ನೆಯದು?

ಮೈಸೂರಿನ ಕಣ್ಣಾಸ್ಪತ್ರೆಗೆ ಗುರುಪಾದಸ್ವಾಮಿಯನ್ನು ಕರೆದುಕೊಂಡು ಹೋದ. ಎರಡೂ ಕಣ್ಣಿಗೆ ಪೊರೆ, ಬಲದ್ದು ಚೆನ್ನಾಗಿ ಬಲಿತಿದೆ, ಪೊರೆಯೊಳಗಿಂದ ಎಲ್ಲವೂ ಹಳದಿಯಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳಿ, ಒಳಗೆ ಇಡುವ ಲೆನ್ಸು ಮಾಮೂಲಿಯದೂ ಇದೆ, ಮೂರು ಪಟ್ಟು ಬೆಲೆಯದೂ ಇದೆ, ಯಾವುದು ಬೇಕು ಎಂದು ಕೇಳಿದರು. ಶಾಂತಮಲ್ಲಪ್ಪ ಗೆಳೆಯನ ಕಿವಿಗೆ ಬಗ್ಗಿ, “ಸುಧಾಕರ ಇಲ್ಗೂ ಬಂದವ್ನೆ ಕಣ್ಲಾ,” ಅಂದ. ಆಸ್ಪತ್ರೆಯಲ್ಲಿ ಅಷ್ಟು ಗಟ್ಟಿಯಾಗಿ ನಗಬಾರದಿತ್ತು. ನರ್ಸು ಬಂದು ಇಬ್ಬರನ್ನೂ ಗದರಿದಳು. ನಿಮ್ಮ ತಾಯಿಗೆ ಯಾವುದು ಹಾಕ್ತೀರಿ ಎಂದು ಅವನು ಡಾಕ್ಟರನ್ನೇ ಕೇಳಿದ. ಮಾಮೂಲಿಯದೇ ಸಾಕು, ಓದುವುದಕ್ಕೆ ಕನ್ನಡಕ ಹಾಕಿಕೊಂಡರಾಯಿತು ಎಂದರು. ಅದನ್ನೇ ಹಾಕಿಸಿಕೊಂಡ. ದುಬಾರಿಯದನ್ನು ಬೇಡ ಎಂದದ್ದೇಕೆ ಎಂದು ಡಾಕ್ಟರ ಮೇಲೂ ಸ್ವಲ್ಪ ದಿನ ಅನುಮಾನಪಟ್ಟ.

ಬಲಗಣ್ಣು ಸರಿಯಾದ ಮೇಲೆ ಅಂಗಡಿ ತೆರೆದು ಹಳೆಯ ಮಾನಿಟರ್ ಹಾಕಿದ. ಮಾಡಿಕೊಟ್ಟ ಫೋಟೋಗಳನ್ನು ಒಂದೊಂದಾಗಿ ತೆರೆದ. ಮೊದಮೊದಲಿನವು ಸರಿಯಾಗಿದ್ದವು. ಈಚಿನವು ಬರುಬರುತ್ತ ಬಿಳುಪೇರಿ, ಕೊನೆಕೊನೆಗೆ ಸುಣ್ಣದ ನೀರಿನ ನೀಲಿ. ಅಷ್ಟೂ ಮನೆಗಳ ಗೋಡೆಯ ಮೇಲೆ ಆ ಮುಖಗಳಿಗೆ ದಿನಾ ಹೂ ಮುಡಿಸುತ್ತಿದ್ದಾರೆ. ಆ ದಿನ ಗಿರಾಕಿ ಬಂದರೂ ಅವನು ಏಳಲಿಲ್ಲ. ಮಾರನೆಯ ದಿನದಿಂದ ಹಳ್ಳಿಗಳಿಗೆ ಫೋನು ಮಾಡಲು ಶುರುಮಾಡಿದ: ಫೋಟೋದಲ್ಲಿ ಬಣ್ಣ ತಪ್ಪಿದೆ, ತಂದುಕೊಡಿ, ಬೇರೆ ಮಾಡಿಕೊಡುತ್ತೇನೆ. ಕೆಲವರು ತಂದರು. ಹಂಗಳದ ಒಂದು ಮನೆಯವರು ಬೇಡ ಅಂದರು. ವರ್ಷಗಟ್ಟಲೆ ಕೈಮುಗಿದಿದ್ದೇವೆ, ಈಗ ನಮಗೆ ಅದೇ ಅಮ್ಮನ ಮುಖ ಎಂದರಂತೆ.

ಕರಿಬಸಮ್ಮನ ಫೋಟೋ ಹೊಸದಾಗಿ ಮಾಡಿದ. ಅರಿಶಿನ ಬಂತು. ಹಳೆಯ ಮಾನಿಟರಿನಲ್ಲೇ ಬಂತು. ಹೊಸದರ ಅಗತ್ಯವೇ ಇರಲಿಲ್ಲ ಎಂದು ಗುರುಪಾದಸ್ವಾಮಿ ಹೇಳಿದರು. ಆದರೂ ಅವನು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಒಬ್ಬನೇ ಗುಂಡ್ಲುಪೇಟೆಯ ಬಸ್ಸು ಹತ್ತಿದ.

ಈ ಸಲ ಎರಡು ಮಾನಿಟರೂ ಒಂದೇ ಥರ ಇರಲಿಲ್ಲ. ಮಾಮೂಲಿಯದರಲ್ಲಿ ಕರಿಬಸಮ್ಮ ಚೆನ್ನಾಗಿಯೇ ಇದ್ದರು. ದುಬಾರಿಯದರಲ್ಲಿ ಅವರ ಗದ್ದದ ಕೆಳಗೆ ಒಂದು ಗೆರೆ ಕಂಡಿತು. ಗುಂಪಿನಲ್ಲಿ ಅವರ ಹೆಗಲು ಬೇರೆಯವರ ಹಿಂದೆ ಮರೆಯಾಗಿತ್ತೆಂದು ಅವನು ಇನ್ನೊಬ್ಬರ ಕತ್ತು, ಹೆಗಲು ತಂದು ಕೂಡಿಸಿದ್ದ. ಮುಖಕ್ಕೆ ಬೆಳಕು ಎಡದಿಂದ, ಕತ್ತಿಗೆ ಬಲದಿಂದ. ಲಿಂಗದ ದಾರ ಅರ್ಧಕ್ಕೆ ನಿಂತು, ಒಂದು ಎಳೆ ಪಕ್ಕಕ್ಕೆ ಸರಿದಿತ್ತು. ವಯಸ್ಸು ನಲವತ್ತು ದಾಟಿದಾಗಿನಿಂದ ಮಾಡುತ್ತಿದ್ದ ಕೆಲಸ. ಆ ಬೆಸುಗೆಯನ್ನು ಅವನು ಕಂಡದ್ದು ಅದೇ ಮೊದಲು.

ಸುಧಾಕರನಿಗೂ ಕಂಡಿತು. ಒಳ್ಳೆಯ ಹುಡುಗ, ನಿಜ ಹೇಳಿದ: “ಪ್ರಿಂಟ್‌ನಲ್ಲಿ ಇದು ಯಾರ್ಗೂ ಗೊತ್ತಾಗಲ್ಲ ಅಣ್ಣ. ನಿಮ್ ಕೆಲ್ಸಕ್ಕೆ ಮಾಮೂಲಿದೇ ಆಯ್ತದೆ. ಸುಮ್ನೆ ಯಾಕೆ ದುಡ್ಡು ದಂಡ?”

ಮಾರುವವನೇ ಬೇಡ ಎನ್ನುತ್ತಿದ್ದಾನೆ. ಬೇರೆ ದಿನವಾಗಿದ್ದರೆ ಅದರಲ್ಲೊಂದು ಒಳಸಂಚು ಹುಡುಕುತ್ತಿದ್ದ. ಅಂದು ಆ ಗೆರೆಯನ್ನೇ ನೋಡುತ್ತ ಹೇಳಿದ:

“ಗಿರಾಕಿಗೆ ಕಾಣ್ದೆ ಇರ್ಲಿ. ನಂಗೆ ಕಾಣ್ಬೇಕು. ನನ್ ಕಣ್ಣ ಇನ್ ನಾನು ನಂಬಾಕಿಲ್ಲ. ನನ್ ತಪ್ಪ ನನ್ ಮಕಕ್ಕೆ ಇಡಿಯೋದು ಒಂದು ಅಂಗ್ಡೀಲಿ ಇರ್ಲಿ. ಕಟ್ಬುಡು ಅದ್ನ.”

ಮಾನಿಟರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಆ ಬೆಸುಗೆಗೆ ಅವನು ಹಾಕಿದ ದಿನಗಳನ್ನು ಯಾರೂ ಲೆಕ್ಕ ಇಡಲಿಲ್ಲ. ಸರಿಹೋಗದ ಹೆಗಲನ್ನು ಕಿತ್ತುಹಾಕಿ, ಅದೇ ಮದುವೆಯ ಇನ್ನೊಂದು ಫೋಟೋವನ್ನು ಉಡಿಗಾಲದಲ್ಲೇ ಹುಡುಕಿ ತಂದು, ಅದರಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಕರಿಬಸಮ್ಮನದೇ ಹೆಗಲಿನ ಓರೆ ನೋಡಿಕೊಂಡು ಮತ್ತೆ ಮಾಡಿದ.

ಪುಣ್ಯಸ್ಮರಣೆಗೆ ಮುಂಚೆ ದೊಡ್ಡಮಲ್ಲಪ್ಪ ಬಂದರು. ಶಾಂತಮಲ್ಲಪ್ಪ ಫೋಟೋವನ್ನು ಫ್ರೇಮು ಹಾಕದೆ ಹಾಗೇ ಇಟ್ಟಿದ್ದ. ಮುದುಕರು ಅದನ್ನು ಬಾಗಿಲ ಬೆಳಕಿಗೆ ಒಯ್ದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಶಾಂತಮಲ್ಲಪ್ಪ ಫೋಟೋವನ್ನಲ್ಲ, ಅವರ ಕಣ್ಣುಗಳನ್ನು ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, ದೊಡ್ಡಪ್ಪ, ನಿಮ್ಮ ಕಣ್ಣು ಯಾವಾಗ ತೋರಿಸಿದ್ದು ಎಂದು ಕೇಳಿದ. ಅವರು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಹೆಂಡತಿಯ ಕೆನ್ನೆಯನ್ನು ಮೆಲ್ಲಗೆ ಉಜ್ಜಿ, ಟವೆಲ್ಲನ್ನು ತಿರುಗಿಸಿ ನೋಡಿದರು.

“ಇದು ಓಗಾಕಿಲ್ವಲ್ಲ?” ಎಂದರು.

“ಓಗಾಕಿಲ್ಲ, ದೊಡ್ಡಪ್ಪ.”

ಮುದುಕರು ಇನ್ನೊಂದು ಕೆನ್ನೆಯನ್ನೂ ಉಜ್ಜಿ ನೋಡಿ, ಆಮೇಲೆ ಫ್ರೇಮು ಹಾಕು ಅಂದರು.