ಗ್ರೀನಿಚ್‌ನ ಕೆಂಪು ಚೆಂಡು

ಬೀದಿಯಲ್ಲಿ ಒಬ್ಬರು ವಿಮಾನ ಹತ್ತುತ್ತಾರೆಂದರೆ ಬೀದಿಯವರೆಲ್ಲ ಸೇರಿ ಅವರ ಪೆಟ್ಟಿಗೆ ತುಂಬಿಸುತ್ತಿದ್ದ ವರ್ಷಗಳು ಅವು. ಜಯಲಕ್ಷ್ಮಿಪುರಂನ ನಮ್ಮ ಮನೆಯ ಹಜಾರದಲ್ಲಿ ಸೂಟ್‌ಕೇಸುಗಳು ಬಾಯ್ತೆರೆದುಕೊಂಡು ಬಿದ್ದಿದ್ದವು. ಎದುರುಮನೆಯವರ ಚಟ್ನಿಪುಡಿ, ಹಿಂದಿನ ಬೀದಿಯವರ ಕೊಬ್ಬರಿಮಿಠಾಯಿ ಅವುಗಳೊಳಗೆ ಇಳಿದವು. ಮಿಕ್ಕ ಜಾಗವನ್ನು ಅಜ್ಜಿ ಮೆಂತ್ಯ, ಒಣಶುಂಠಿ, ಓಮ, ಸಾಂಬ್ರಾಣಿಗಳಿಂದ ತುಂಬಿದರು. ಬಾಣಂತನದ ಮನೆಯ ಆ ವಾಸನೆ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ನನ್ನ ಫ್ರಾಕುಗಳು ಮುಂದೆ ಎಷ್ಟೋ ದಿನ ಅದೇ ವಾಸನೆ ಬೀರುತ್ತಿದ್ದವು.

ಲಂಡನ್ನಿನಲ್ಲಿದ್ದ ಗಿರಿಜತ್ತೆ, ಅಂದರೆ ಅಪ್ಪನ ತಂಗಿ, ಹೆತ್ತಿದ್ದಳು. ಮಗಳ ಬಾಣಂತನ ತಾಯಿಯ ಹಕ್ಕು ಎಂದು ಅಜ್ಜಿ ಹೊರಟರು. ಅಜ್ಜಿಗೆ ಬಗ್ಗಿ ಕೆಲಸ ಮಾಡಲು ಆಗುತ್ತಿರಲಿಲ್ಲವಾದ್ದರಿಂದ ಅಮ್ಮ ಹೊರಡಲೇಬೇಕಾಯಿತು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅಪ್ಪ ರಜೆ ಹಾಕಿದರು. ನಾನು ಐದನೆಯ ತರಗತಿ ಮುಗಿಸಿದ್ದೆ. ಹಕ್ಕು ಒಬ್ಬರದು, ದುಡಿಮೆ ಇನ್ನೊಬ್ಬರದು ಎಂಬ ಈ ಏರ್ಪಾಡನ್ನು ಮನೆಯಲ್ಲಿ ಯಾರೂ ಅನ್ಯಾಯವೆಂದು ಕರೆಯಲಿಲ್ಲ. ಅದನ್ನು 'ನಮ್ಮಲ್ಲಿ ಹೀಗೇ' ಎನ್ನುತ್ತಿದ್ದರು.

ಅಮ್ಮ ಹೈಸ್ಕೂಲಿನಲ್ಲಿ ಭೂಗೋಳದ ಮೇಡಮ್ಮು. ವರ್ಷವರ್ಷವೂ ಕರಿಹಲಗೆಯ ಮೇಲೆ ಸೊನ್ನೆ ಡಿಗ್ರಿ ರೇಖಾಂಶವನ್ನು ಎಳೆದು, ಅದು ಗ್ರೀನಿಚ್ ಎಂಬ ಊರಿನ ಮೇಲೆ ಹಾದುಹೋಗುತ್ತದೆಂದು ಹೇಳಿಕೊಟ್ಟವಳು. ಅಲ್ಲಿಯ ವೀಕ್ಷಣಾಲಯದ ತುದಿಯಲ್ಲೊಂದು ಕೆಂಪು ಚೆಂಡು ಇದೆಯಂತೆ. ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಅದು ಕಂಬದಿಂದ ಜಾರಿ ಬೀಳುವುದನ್ನು ನೋಡಿ ಹಡಗಿನವರು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದರಂತೆ. ಹೊರಡುವ ಹಿಂದಿನ ಸಂಜೆ ಅಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಉದ್ದಕ್ಕೊಂದು ಗೆರೆ ಎಳೆದು, ಅದರ ಆಚೀಚೆ ನನ್ನ ಕಾಲಿರಿಸಿದಳು. ಉತ್ತರಕ್ಕೆ ಮುಖ ಮಾಡು, ಬಲಗಾಲು ಪೂರ್ವಾರ್ಧಗೋಳ, ಎಡಗಾಲು ಪಶ್ಚಿಮಾರ್ಧಗೋಳ ಎಂದಳು. ಆಮೇಲೆ ಸೀರೆಯ ನಿರಿಗೆಯನ್ನು ತುಸು ಎತ್ತಿ ತಾನೂ ಒಮ್ಮೆ ಆ ಗೆರೆಯನ್ನು ಜಿಗಿದಳು. ಅಮ್ಮ ಜಿಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನನ್ ವಾಚು ಮೈಸೂರ್ ಟೈಮಲ್ಲೇ ಇರ್ಲಿ ಕಣೆ. ಅಲ್ಲಿ ಚೆಂಡು ಬಿದ್ದಾಗ ತಿರುಗಿಸ್ತೀನಿ," ಎಂದಳು.

ಬೆಳಗ್ಗೆ ಬೆಂಗಳೂರಿನಿಂದ ಎದ್ದ ವಿಮಾನ ದಿನವಿಡೀ ಬಿಸಿಲಿನಲ್ಲೇ ಹಾರಿತು. ಕಿಟಕಿಯ ಸೀಟು ಅಪ್ಪನದಾಯಿತು. ಯಾರಿಗೆ ಬೇಕೆಂದು ಯಾರೂ ಕೇಳಲಿಲ್ಲ. ನಡುವೆ ನಾನು, ಈಚೆಗೆ ಅಮ್ಮ, ಓಡಾಡುವ ದಾರಿಯಾಚೆ ಅಜ್ಜಿ. ಅಜ್ಜಿ ವಿಭೂತಿ ಧರಿಸಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡ ಮೇಲೆ ವಿಮಾನದವರ ಊಟ ಮುಟ್ಟದೆ ಡಬ್ಬಿಯ ಪುಳಿಯೋಗರೆ ತಿಂದರು. ಇಂಗಿನ ಘಮ ಹಿಂದಿನ ಸಾಲುಗಳಿಗೂ ಹೋಯಿತು. ಅಪ್ಪ ಕಿಟಕಿಯ ಪರದೆ ಎಳೆದು ನಿದ್ದೆ ಹೋದರು. ಎದುರಿನ ಪುಟ್ಟ ಪರದೆಯ ನಕ್ಷೆಯಲ್ಲಿ ವಿಮಾನ ಕ್ಯಾಸ್ಪಿಯನ್ ಸಮುದ್ರದ ಹತ್ತಿರ ತೆವಳಿದಾಗ ಅಮ್ಮ ಮೆಲ್ಲಗೆ ಅವರನ್ನು ಎಬ್ಬಿಸಿ, ಒಂದು ಚೂರು ಪರದೆ ತೆಗೆಯಿರೆಂದಳು. ಬಿಸಿಲು ಹೊಡೆಯುತ್ತೆ ಎಂದು ಅವರು ಮಗ್ಗುಲಾದರು.

ಆಗ ಅಮ್ಮ ನನ್ನ ಕೈಹಿಡಿದು ವಿಮಾನದ ಬಾಲದ ಕಡೆಗೆ ಕರೆದೊಯ್ದಳು. ಅಲ್ಲಿ ಶೌಚಾಲಯದ ಪಕ್ಕದ ಬಾಗಿಲಲ್ಲಿ ಹೋಳಿಗೆಯಷ್ಟಗಲದ ಗಾಜು. ಇಬ್ಬರೂ ಹಣೆ ಹಚ್ಚಿ ನಿಂತೆವು. ಕೆಳಗೆ ಹಿಮದ ಬೆಟ್ಟಗಳು, ಬೆಟ್ಟಗಳಾಚೆ ನೀರು. ಹದಿನೈದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ಒಂದು ಗಂಟೆ ಹಿಂದಕ್ಕೆ ಹೋಗುತ್ತೇವೆ ಎಂದು ವಿವರಿಸುತ್ತ ಅವಳು ನನ್ನ ಕಿವಿಯ ಹತ್ತಿರ ನಗುತ್ತಿದ್ದಳು. ಅವಳ ಇಡೀ ಪ್ರವಾಸ ಆ ಗಾಜಿನ ಮುಂದಿನ ಅರ್ಧ ಗಂಟೆಯಲ್ಲೇ ಮುಗಿದುಹೋಯಿತೆಂದು ನನಗೆ ಆಗ ತಿಳಿಯಲಿಲ್ಲ.

ಗಿರಿಜತ್ತೆಯದು ನಾಲ್ಕನೆಯ ಮಹಡಿಯ ಚಿಕ್ಕ ಮನೆ. ಅವಳ ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಮೊದಲ ದಿನಗಳಲ್ಲಿ ಅಪ್ಪ ಮತ್ತು ನಾನು ಕೆಂಪು ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಸೇತುವೆಗಳನ್ನೂ ಅರಮನೆಯನ್ನೂ ದೊಡ್ಡ ಚಕ್ರವನ್ನೂ ನೋಡಿದೆವು. ನಮ್ಮ ಅರಮನೆ ಮುಂದೆ ಇದೇನ್ ಮಹಾ ಎಂದು ಅಪ್ಪ ಮೈಸೂರಿನವರ ಧರ್ಮ ಪಾಲಿಸಿದರು. ಅಮ್ಮ ಬಾಣಂತಿಗೆ ಮೆಣಸಿನ ಸಾರು, ಅಜ್ಜಿಗೆ ಮಡಿಯಡುಗೆ, ನಮಗೆ ಕಟ್ಟಿಕೊಡುವ ಬುತ್ತಿ, ಕೂಸಿನ ಎಣ್ಣೆನೀರು, ಬಟ್ಟೆಗಳಲ್ಲಿ ಮುಳುಗಿದ್ದಳು. ಲಂಡನ್ ಅವಳಿಗೆ ಅಡುಗೆಮನೆಯ ಕಿಟಕಿಯಾಚೆಯ ಇಟ್ಟಿಗೆ ಗೋಡೆಯಾಗಿತ್ತು. ಗ್ರೀನಿಚ್‌ಗೆ ಮಾತ್ರ ತಾನೂ ಬರುವೆನೆಂದು ಅವಳು ಮೊದಲೇ ಹೇಳಿದ್ದಳು. ಅಪ್ಪ ಒಪ್ಪಿದ್ದರು. ಭಾನುವಾರವೆಂದು ನಿಗದಿಯಾಯಿತು.

ಆ ಭಾನುವಾರ ಅಮ್ಮ ಬೇಗನೆದ್ದು ಎಲ್ಲ ಮುಗಿಸಿ, ಸೀರೆಯ ಕೆಳಗೆ ಗಿರಿಜತ್ತೆಯ ಕ್ಯಾನ್ವಾಸ್ ಷೂ ತೊಟ್ಟು, ಎರಡು ಜಡೆಯ ಶಾಲೆಯ ಹುಡುಗಿಯಂತೆ ಹೊಸ ಕಳೆಯಲ್ಲಿ ನಿಂತಿದ್ದಳು. ಬಾಣಂತಿಗೆ ತಲೆಗೆ ನೀರಾಗಿತ್ತು. ಅಜ್ಜಿ ಒಳಗಿನಿಂದ ಕೂಗಿ ಹೊಗೆ ಹಾಕಿಹೋಗು ಎಂದರು. ಅದನ್ನು ಸಂಜೆ ಹಾಕಿದರಾಗದೆ ಎಂದು ಅಮ್ಮ ಕೇಳಿದಳು. ಒದ್ದೆ ತಲೆಗೆ ಸಂಜೆತನಕ ಶೀತ ಕಾಯುತ್ತಾ ಎಂಬ ಉತ್ತರ ಬಂತು. ಊರಿಂದ ತಂದ ತೆಂಗಿನ ಕರಟದ ಕೆಂಡಕ್ಕೆ ಅಮ್ಮ ಸಾಂಬ್ರಾಣಿ ಉದುರಿಸಿದಳು. ಬಾಣಂತಿಗೆ ಗಾಳಿ ತಾಗಬಾರದೆಂದು ಅಜ್ಜಿ ಕಿಟಕಿಗಳನ್ನೆಲ್ಲ ಆಗಲೇ ಮುಚ್ಚಿಸಿದ್ದರು.

ನಮ್ಮ ಹೆಂಚಿನ ಮನೆಗಳು ನೂರಾರು ವರ್ಷ ಉಸಿರಾಡಿದ ಹೊಗೆ ಅದು. ಆ ಮನೆಯ ಸೂರಿನಲ್ಲಿದ್ದ, ಹೊಗೆ ಕಂಡರೆ ಕೂಗುವ ಬಿಳಿಯ ಬಿಲ್ಲೆ ಅದನ್ನು ಒಪ್ಪಲಿಲ್ಲ, ಕಿರಿಚತೊಡಗಿತು. ಒಂದರ ಹಿಂದೊಂದು ಮಹಡಿಗಳ ಗಂಟೆಗಳೆಲ್ಲ ಹೊಡೆದುಕೊಂಡವು. ನಿದ್ದೆಗಣ್ಣಿನ ಜನ ಮೆಟ್ಟಿಲಿಳಿದರು. ಕೂಸನ್ನು ಎದೆಗವಚಿಕೊಂಡ ಗಿರಿಜತ್ತೆ ಒದ್ದೆ ತಲೆಯಲ್ಲೇ ರಸ್ತೆಯಲ್ಲಿ ನಿಂತಳು. ಅಮ್ಮ ತನ್ನ ಸ್ವೆಟರ್ ಬಿಚ್ಚಿ ಅವಳ ತಲೆಗೆ ಸುತ್ತಿದಳು. ಬೆಂಕಿ ಆರಿಸುವವರ ಗಾಡಿ ಬಂದಾಗ ಎಲ್ಲರ ಪರವಾಗಿ ಕ್ಷಮೆ ಕೇಳಿದ್ದೂ ಅವಳೇ. ಮೈಸೂರಿನಿಂದ ಹೋದ ನಮ್ಮಲ್ಲಿ ತಡವರಿಸದೆ ಇಂಗ್ಲಿಷ್ ಆಡಬಲ್ಲವಳು ಅವಳೊಬ್ಬಳು. ಹೆಲ್ಮೆಟ್ ತೊಟ್ಟ ದೈತ್ಯನೊಬ್ಬ ಕೆಂಡದ ಬಟ್ಟಲನ್ನು ಮೂಸಿ, ಒಳ್ಳೆಯ ವಾಸನೆ, ಆದರೆ ಇನ್ನೊಮ್ಮೆ ಬೇಡ ಎಂದು ಹೇಳಿ ಹೋದ.

ಮೇಲೆ ಬಂದ ಹೊತ್ತಿಗೆ ಗಿರಿಜತ್ತೆ ಎರಡು ಸಲ ಸೀನಿದ್ದಳು.

"ನೋಡ್ದಾ? ಶೀತ ಇಡ್ಕಂತು," ಎಂದರು ಅಜ್ಜಿ. "ಅವಸ್ರವಸ್ರವಾಗಿ ಒಗೆ ಆಕಿದ್ರೆ ಇನ್ನೇನಾಯ್ತದೆ."

"ಅತ್ತಿಗೆ ಹೋಗ್ಬರ್ಲಿ ಬಿಡಮ್ಮ," ಎಂದಳು ಗಿರಿಜತ್ತೆ, ಹಾಸಿಗೆಯಿಂದ. "ನಂಗೇನಾಗಿದೆ?"

"ನೀ ಸುಮ್ನಿರು. ಮನೇಲಿ ಬಾಣಂತಿ, ಅಸುಗೂಸು ಇಟ್ಕಂಡು ಗೆರೆ ನೋಡಕ್ಕೋಯ್ತಾಳಂತೆ. ಗೆರೆ ಏನ್ ಓಡೋಯ್ತದಾ?"

ಅಮ್ಮ ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ. ಅಪ್ಪ ಕೆಟ್ಟವರಲ್ಲ. ಅವರು ಷೂ ಲೇಸು ಕಟ್ಟುತ್ತ, "ಇನ್ನೊಂದಿನ ಹೋದ್ರಾಯ್ತು ಕಣೆ," ಎಂದರಷ್ಟೇ. ಹೆಣ್ಣಿಗೆ ಕೇಡಾಗಲು ಕ್ರೌರ್ಯ ಬೇಕಿಲ್ಲ, ಇಷ್ಟು ಮೆದುವಾದ ಒಂದು ವಾಕ್ಯ ಸಾಕೆಂದು ನಾನಿಂದು ಹೆಣ್ಣುಮಕ್ಕಳ ಸಭೆಗಳಲ್ಲಿ ಹೇಳುತ್ತೇನೆ. ಅಮ್ಮ ಬುತ್ತಿಯ ಚೀಲ ತಂದು ನನ್ನ ಕೈಗಿತ್ತಳು. ಚೆಂಡು ನೋಡಿ ಬಾ ಎಂದಳು.

ಗ್ರೀನಿಚ್‌ನ ಗುಡ್ಡದ ಮೇಲೆ ಕಲ್ಲುಹಾಸಿನಲ್ಲಿ ಕೂರಿಸಿದ ಲೋಹದ ಪಟ್ಟಿಯೇ ಆ ಗೆರೆ. ಸರದಿಯಲ್ಲಿ ನಿಂತು ನಾನು ಅದರ ಆಚೀಚೆ ಕಾಲಿಟ್ಟೆ, ಉತ್ತರಕ್ಕೇ ಮುಖ ಮಾಡಿ. ಅಪ್ಪ ಫೋಟೋ ತೆಗೆದರು. ಗೋಪುರದ ಕಂಬದಲ್ಲಿ ಕೆಂಪು ಚೆಂಡು ಸುಮ್ಮನೆ ಕೂತಿತ್ತು. ಅದು ಬೀಳುವ ತನಕ ಇರೋಣವೆಂದೆ. ಹೊಟ್ಟೆ ಹಸಿಯುತ್ತೆ, ಬಾ, ಚೆಂಡು ಬೀಳೋದರಲ್ಲಿ ನೋಡೋದೇನು ಎಂದು ಅಪ್ಪ ನನ್ನ ಕೈಹಿಡಿದು ಹುಲ್ಲಿನ ಇಳಿಜಾರಿಗೆ ಇಳಿಸಿದರು. ಮರದಡಿಯಲ್ಲಿ ಗುಡ್ಡಕ್ಕೆ ಬೆನ್ನು ಮಾಡಿ ನಾವು ಅಮ್ಮ ಕಲಸಿದ ಪುಳಿಯೋಗರೆ ತಿಂದೆವು. ಬೆನ್ನ ಹಿಂದೆ, ಮೇಲೆ, ಜನ ಒಮ್ಮೆಗೇ ಓ ಎಂದದ್ದು ಕೇಳಿಸಿತು. ತಿರುಗಿದಾಗ ಎಲ್ಲ ಮುಗಿದಿತ್ತು.

ಸಂಜೆ ಅಮ್ಮ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ತಿರುಗದೆಯೇ ಕೇಳಿದಳು.

"ಚೆಂಡು ಬಿತ್ತಾ?"

ನಾನು ಅಪ್ಪನ ಕಡೆ ನೋಡಿದೆ.

"ಯಾವ ಚೆಂಡು?" ಎಂದರು ಅಪ್ಪ.

ಅಮ್ಮ ಹಿಂಡಿದ ಬಟ್ಟೆಯನ್ನು ಕೊಡವಿ ಹರವಿದಳು. ಆ ಇನ್ನೊಂದು ದಿನ ಬರಲಿಲ್ಲ. ಕೂಸಿನ ಜ್ವರ, ತೊಟ್ಟಿಲಿಗೆ ಹಾಕುವ ಶಾಸ್ತ್ರ, ಅಪ್ಪನ ರಜೆ ಮುಗಿದದ್ದು, ಹೀಗೆ ಪ್ರತಿಯೊಂದು ದಿನಕ್ಕೂ ಒಂದು ನ್ಯಾಯವಾದ ಕಾರಣವಿತ್ತು. ಮೈಸೂರಿಗೆ ಮರಳಿದಾಗ ಅಮ್ಮನ ಕೈಗಡಿಯಾರವನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ. ಅದು ಮೈಸೂರಿನ ಹೊತ್ತನ್ನು ಬಿಟ್ಟು ಕದಲಿರಲಿಲ್ಲ.

ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಅವರ ಮೇಲೂ ನಾನು ಎಲ್ಲವನ್ನೂ ಹೊರಿಸಲಾರೆ. ಚಾಮುಂಡಿ ಬೆಟ್ಟದಾಚೆಗೆ ಯಾವ ದಾರಿ ಎಲ್ಲಿಗೆ ಹೋಗುತ್ತದೆಂದು ಅವರಿಗೂ ಯಾರೂ ತೋರಿಸಿರಲಿಲ್ಲ. ಅಮ್ಮನೂ ನಿವೃತ್ತಳಾಗಿದ್ದಾಳೆ. ನಾವೀಗ ಕುವೆಂಪುನಗರದಲ್ಲಿದ್ದೇವೆ. ಮಂಡಿನೋವಿದ್ದರೂ ಗಾಲಿಕುರ್ಚಿಯ ಅನುಕೂಲವಿದೆ, ಗ್ರೀನಿಚ್‌ಗೆ ಹೋಗಿ ಬರೋಣ, ಬರೀ ನೀನೂ ನಾನೂ ಎಂದು ಹೋದ ಯುಗಾದಿಯಂದು ಕೇಳಿದೆ. ಅವರೆಕಾಯಿ ಇಲ್ಲದ ಕಾಲದಲ್ಲಿ ಅವರೆ ಕೇಳಿದವಳನ್ನು ನೋಡುವಂತೆ ನನ್ನನ್ನು ನೋಡಿದಳು.

"ಅಲ್ಲೇನಿದೆ ಕಣೆ? ಅದು ಕಾಲ್ಪನಿಕ ರೇಖೆ," ಎಂದಳು. "ನಾನೇ ಅಲ್ವಾ ಪಾಠ ಮಾಡಿದ್ದು."

ಬಾಲ್ಯದಿಂದೀಚೆಗೆ ನಾವು ಕಳೆದುಕೊಂಡದ್ದನ್ನು ಅಳೆಯುವಾಗ ಹೆಂಚಿನ ಮನೆ, ಸಾಂಬ್ರಾಣಿಯ ವಾಸನೆ, ಬೀದಿಯವರ ಚಟ್ನಿಪುಡಿ ಎಂದು ಪಟ್ಟಿ ಮಾಡುತ್ತೇವೆ. ಅವುಗಳ ಬಗ್ಗೆ ನನಗೆ ಅಷ್ಟು ದುಃಖವಿಲ್ಲ. ಅಮ್ಮ ಇಂದಿಗೂ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಗೋಡೆ ಹಿಡಿದು ಬಗ್ಗಿ, ಚುಕ್ಕಿ ಇಟ್ಟು ರಂಗೋಲಿ ಬಿಡಿಸುತ್ತಾಳೆ. ಎಲ್ಲ ಗೆರೆಗಳೂ ಸುತ್ತಿ ಬಂದು ಹೊರಟಲ್ಲಿಗೇ ಕೂಡುತ್ತವೆ. ಅಂಗಳದುದ್ದಕ್ಕೂ ನೇರವಾಗಿ ಒಂದು ಗೆರೆ ಎಳೆದು, ನಿರಿಗೆ ಎತ್ತಿ ಜಿಗಿದ ಆ ಹೆಂಗಸನ್ನು ನಾನು ಆಮೇಲೆ ಕಂಡಿಲ್ಲ.