ಒಂಬತ್ತನೆಯ ಕಂತಿನ ಹಕಾರ

ಚನ್ನರಾಯಪಟ್ಟಣದ ಮಾವನ ಮನೆಗೆ ಕೇಬಲ್ ಬಂದದ್ದು ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ. ಜಪಾನಿನ ಕಾರ್ಟೂನುಗಳನ್ನು ಮೊದಲು ನೋಡಿದ್ದು ಅಲ್ಲಿಯೇ, ಹಿಂದಿಯಲ್ಲಿ. ಅವಕ್ಕೆ ಅನಿಮೆ ಎನ್ನುತ್ತಾರೆಂದು ಆಗ ಗೊತ್ತಿರಲಿಲ್ಲ. ಡೈರಿಯಲ್ಲಿ 'ದೊಡ್ಡ ಕಣ್ಣಿನವು' ಎಂದು ಬರೆದುಕೊಂಡಿದ್ದೆ. ತಾರೀಕಿನ ಮುಂದೆ ಮೂರು ಮನೆ ಗೆರೆ ಎಳೆದಿದ್ದೆ: ಎಷ್ಟನೆಯ ಕಂತು, ಕರೆಂಟು ಇತ್ತೋ ಹೋಯಿತೋ, ಕಥೆ ಅರ್ಥವಾಯಿತೋ ಇಲ್ಲವೋ. ಮೂರನೆಯ ಮನೆಯಲ್ಲಿ 'ಇಲ್ಲ'ಗಳೇ ಹೆಚ್ಚು. ಕಟ್ಟಾಯದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಿಂದಿ ಎಂದರೆ ಪರೀಕ್ಷೆಗೆ ಮಾತ್ರ ತೆರೆಯುವ ಪುಸ್ತಕ. ಆ ದೊಡ್ಡ ಕಣ್ಣಿನವರು ತಮಿಳು ಮಾತಾಡುತ್ತಿದ್ದರು, ತೆಲುಗು ಮಾತಾಡುತ್ತಿದ್ದರು. ಕನ್ನಡಕ್ಕೆ ಡಬ್ ಮಾಡುವ ವಾಡಿಕೆ ಇರಲಿಲ್ಲವಾದ್ದರಿಂದ ನಮ್ಮ ಮಾತು ಮಾತ್ರ ಆಡುತ್ತಿರಲಿಲ್ಲ.

"ಅವಕ್ಕೆಲ್ಲಿ ಕನ್ನಡ ಬತ್ತದವ್ವ, ಸುಮ್ನೆ ಚಿತ್ರ ನೋಡು" ಎನ್ನುತ್ತಿದ್ದರು ಮಾವ.

ಸುಮ್ಮನೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಎದ್ದು ನಿಲ್ಲುತ್ತಿದ್ದೆ, ಟಿವಿಯ ಹತ್ತಿರ ಹೋಗುತ್ತಿದ್ದೆ, ಸೌಂಡು ಹೆಚ್ಚಿಸುತ್ತಿದ್ದೆ. ಗಟ್ಟಿಯಾಗಿ ಕೇಳಿಸಿದರೆ ಅರ್ಥವಾದೀತೆಂಬ ಭ್ರಮೆ ನನಗೆ ಬಹಳ ಕಾಲ ಇತ್ತು.

ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಅಂಥದೇ ಒಂದು ಹುಡುಗಿಯ ಮುಖ ಬರೆಯುತ್ತಿದ್ದೆ. ಪಕ್ಕದವಳು ಬಗ್ಗಿ ನೋಡಿ, "ಮೂಗು ಇಷ್ಟುದ್ದ ಇರಲ್ಲ ಕಣೆ, ಬರೀ ಚುಕ್ಕಿ ಇಡು" ಎಂದಳು. ಅಲ್ಲಿಂದ ನಾವು ಗೆಳತಿಯರಾದೆವು. ಅವಳು ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ತಂದೆ ಕನ್ನಡ ಮೇಷ್ಟರು, ತಾತ ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡಿದ್ದವರು. ಮನೆಯಲ್ಲಿ ಕಂಪ್ಯೂಟರಿತ್ತು, ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ ಇತ್ತು. ನನಗೆ ಹಾಸ್ಟೆಲಿನ ಬೀದಿಯ ಸೈಬರ್ ಕೆಫೆ. ಅರ್ಧ ಗಂಟೆಗೆ ದುಡ್ಡು ಕೊಟ್ಟು, ಪುಟ ತೆರೆದುಕೊಳ್ಳುವುದನ್ನು ಕಾಯುವುದರಲ್ಲೇ ಇಪ್ಪತ್ತು ನಿಮಿಷ ಕಳೆಯುತ್ತಿದ್ದೆ.

ಇಬ್ಬರೂ ಸೇರಿ ಕನ್ನಡದಲ್ಲಿ ಬ್ಲಾಗ್ ಶುರು ಮಾಡಿದೆವು. ನೋಡಿದ ಅನಿಮೆಗಳ ಬಗ್ಗೆ ಅನಿಸಿದ್ದನ್ನು ಬರೆಯುವುದು, ಅಷ್ಟೇ ಉದ್ದೇಶ. ಮೊದಲು ಬಂದ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು 'ಅಕ್ಷರದ ಬದಲು ಚೌಕ ಕಾಣುತ್ತಿದೆ' ಎಂಬವು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಹೇಗೆಂದು ಒಂದು ಬರಹ ಹಾಕಿದೆವು. ಎಷ್ಟು ಜನ ಏನು ಓದಿದರೆಂದು ನಾನು ವಾರಕ್ಕೊಮ್ಮೆ ಬರೆದಿಡುತ್ತಿದ್ದೆ. ನಾವು ಏನೇ ಬರೆದರೂ ಆ ಚೌಕದ ಬರಹವನ್ನು ಮೀರಿಸಲಾಗಲಿಲ್ಲ.

ಆಮೇಲೆ ಗೆಳತಿಗೆ ಹೊಳೆಯಿತು: ನಾವೇ ಕನ್ನಡ ಸಬ್‌ಟೈಟಲ್ ಮಾಡಿದರೆ? ಹದಿಮೂರೇ ಕಂತಿನ ಒಂದು ಸರಣಿ ಆರಿಸಿಕೊಂಡೆವು. ದ್ವೀಪವೊಂದರಲ್ಲಿ ಉಪ್ಪು ಕಾಯಿಸುವವರ ಮಗಳು ರಾಜಧಾನಿಗೆ ಹೋಗಿ, ಹಾರುವ ಹಡಗು ನಡೆಸಲು ಕಲಿಯುವ ಕಥೆ. ಆ ಶಾಲೆಯಲ್ಲಿ ಅವಳನ್ನು ಹಚ್ಚಿಕೊಳ್ಳುವವನು ಅಡುಗೆಮನೆಯ ದಪ್ಪ ಅಡುಗೆಯವನೊಬ್ಬನೇ. ಜಪಾನಿ ಮಾತಿನ ಕೆಳಗೆ ಬರುವ ಇಂಗ್ಲಿಷ್ ಸಾಲುಗಳ ಪ್ರಿಂಟ್ ನೋಡಿಕೊಂಡು ನಾನು ಹಾಸ್ಟೆಲಿನಲ್ಲಿ ಕನ್ನಡ ಬರೆಯುವುದು. ಶನಿವಾರ ಮಧ್ಯಾಹ್ನ ಅವಳ ಜೊತೆ ಬಸ್ಸಿನಲ್ಲಿ ಹೋಗುವುದು. ಅವಳು ಟೈಪ್ ಮಾಡಿ, ತುಟಿ ಅಲುಗುವ ಹೊತ್ತಿಗೆ ಸಾಲು ಮೂಡುವಂತೆ ಕೂರಿಸುವುದು. ಹೀಗೆ ಕೆಲಸ ಹಂಚಿಕೊಂಡೆವು.

ಅಡುಗೆಯವನು ನಗಿಸುವ ಪಾತ್ರ. ನಾನು ಬರೆದುಕೊಟ್ಟ ಅವನ ಸಾಲುಗಳನ್ನು ನೋಡಿ ಗೆಳತಿ ತಲೆಯಾಡಿಸಿದಳು.

"ಇದು ಸಪ್ಪೆ ಕಣೆ. ನಿಮ್ ಕಡೆ ಹೇಗಂತಾರೋ ಹಾಗೆ ಬರಿ."

ಅವಳ ಊರಿಗೂ ನಮ್ಮ ಊರಿಗೂ ನಡುವೆ ಇರುವುದು ಸ್ವಲ್ಪ ಹೊತ್ತಿನ ಬಸ್ಸಿನ ದಾರಿ. ಆದರೂ 'ನಿಮ್ ಕಡೆ' ಎನ್ನುವುದರಲ್ಲಿ ಅವಳು ಏನನ್ನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಕಾಲೇಜಿಗೆ ಬಂದ ಮೊದಲ ವಾರದಲ್ಲೇ ನಾನು ಹಕಾರಗಳನ್ನು ಸರಿಯಾದ ಜಾಗದಲ್ಲಿ ಇಡುವುದನ್ನು ಕಲಿತಿದ್ದೆ. 'ಓಗ್ತೀನಿ' ಎಂದು ಬಾಯಿಗೆ ಬಂದದ್ದನ್ನು ತಡೆದು 'ಹೋಗ್ತೀನಿ' ಎನ್ನುತ್ತಿದ್ದೆ. ಈಗ ಅವಳೇ ಕೇಳಿದಾಗ ಖುಷಿಯಾಯಿತು. ಬರೆದೆ: "ಉಪ್ಪು ಜಾಸ್ತಿ ಆಗ್ಯದೆ ಅಂತ ಯಾವನ್ಲಾ ಅಂದೋನು? ನಾಲ್ಗೆ ನೆಟ್ಗಿಲ್ದಿದ್ರೆ ಓಗಿ ಡಾಕ್ಟ್ರ ಕಾಣು."

ಅವಳ ಮನೆಯಲ್ಲಿ ಎಲ್ಲರೂ ನಕ್ಕರು. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ಇದಮ್ಮ ಮಣ್ಣಿನ ಭಾಷೆ ಅಂದ್ರೆ. ಎಷ್ಟು ಸಹಜ ನೋಡು" ಎಂದರು. ಉಪ್ಪಿನವರ ಮಗಳು ಮಾತ್ರ 'ನಾನು ನಿಮ್ಮನ್ನು ಎಂದಿಗೂ ಮರೆಯುವುದಿಲ್ಲ' ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದಳು. ನಾಯಕಿಯಲ್ಲವೇ, ಹಾಗೆಯೇ ಇರಬೇಕೆಂದು ನಾನೂ ಅಂದುಕೊಂಡಿದ್ದೆ.

ಯಾವ ಸಾಲಿಗೆ ನಗು ಬಂತೆಂದು ನನ್ನ ಹಾಳೆಯ ಅಂಚಿನಲ್ಲಿ ಚುಕ್ಕಿ ಇಡುತ್ತಿದ್ದೆ. ಆರನೆಯ ಕಂತಿನಲ್ಲಿ ಅಡುಗೆಯವನು ನಾಯಕಿಯನ್ನು ಕಳಿಸಿಕೊಡುತ್ತ ಹೇಳುವ ಒಂದು ಮಾತಿತ್ತು. "ಉಸಾರು ಕಣವ್ವ. ಒತ್ತೊತ್ಗೆ ಸರ್ಯಾಗಿ ಉಣ್ಣು." ಅದಕ್ಕೂ ನಕ್ಕರು, ನಾನೂ ಚುಕ್ಕಿ ಇಟ್ಟೆ. ಹಾಸನಕ್ಕೆ ವಾಪಸಾಗುವ ಬಸ್ಸಿನಲ್ಲಿ ಆ ಚುಕ್ಕಿ ನನ್ನನ್ನು ಕೂರಲು ಬಿಡಲಿಲ್ಲ. ಅದು ನಮ್ಮವ್ವನ ಮಾತು. ಪ್ರತಿ ಸಲ ನನ್ನನ್ನು ಬಸ್ಸು ಹತ್ತಿಸುವಾಗ ಅವಳು ಹೇಳುವುದು ಅದನ್ನೇ, ಅದೇ ಪದಗಳಲ್ಲಿ. ಅದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿಕೊಂಡೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರೂ ಎದ್ದು ಬಾಗಿಲ ಬಳಿ ನಿಂತೆ.

ಒಂಬತ್ತನೆಯ ಕಂತಿನಲ್ಲಿ ಕೆಲಸ ನಿಂತುಬಿಟ್ಟಿತು. ಶಾಲೆಯ ಅಂಗಳದಲ್ಲಿ ನಾಯಕಿ ಏನೋ ಹೇಳುತ್ತಾಳೆ. ಇಂಗ್ಲಿಷ್ ಸಾಲು ಬಹಳ ಸಾಮಾನ್ಯವಾದದ್ದು: ನಾನೀಗ ಹೊರಡುತ್ತೇನೆ. ಅದಕ್ಕೆ ಒಬ್ಬ ಶ್ರೀಮಂತ ಹುಡುಗಿ ಬಿದ್ದು ಬಿದ್ದು ನಕ್ಕು, 'ಸರಿಯಾಗಿ ಮಾತಾಡು' ಎನ್ನುತ್ತಾಳೆ. ನಾಯಕಿ ಆ ಇಡೀ ಕಂತಿನಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲ. ನಾನೀಗ ಹೊರಡುತ್ತೇನೆ ಎನ್ನುವುದರಲ್ಲಿ ಸರಿಯಿಲ್ಲದ್ದು ಏನು? ಗೆಳತಿಯ ಕಂಪ್ಯೂಟರಿನಲ್ಲಿ ಹಿಂದಕ್ಕೆ ಓಡಿಸಿದೆ, ಮತ್ತೆ ಕೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಾಗ ಮಾತಿನ ತುದಿಯಲ್ಲಿ 'ಬೇ' ಎಂಬ ಒಂದು ಸದ್ದು ಸಿಕ್ಕಿತು.

ಮುಂದಿನ ಶನಿವಾರ ಗೆಳತಿಯ ಟೈಪಿಂಗ್ ನಿಲ್ಲಿಸಿ ಮೊದಲ ಕಂತಿನಿಂದ ಶುರು ಮಾಡಿದೆ. ಸಾಲುಗಳನ್ನು ಓದದೆ, ಆ ಸದ್ದನ್ನು ಮಾತ್ರ ಹುಡುಕುತ್ತ, ಯಾರ ಬಾಯಲ್ಲಿ ಎಷ್ಟು ಎಂದು ಗೀಟು ಹಾಕುತ್ತ ಹೋದೆ. ನಾಯಕಿಯ ಹೆಸರಿನ ಮುಂದೆ ಗೀಟುಗಳು ಒಂದು ಸಾಲು ತುಂಬಿ ಎರಡನೆಯದಕ್ಕೆ ಇಳಿದವು. ಅವಳಪ್ಪನಿಗೂ ಇದ್ದವು. ರಾಜಧಾನಿಯ ಒಬ್ಬರಿಗೂ ಇರಲಿಲ್ಲ. ಅಡುಗೆಯವನಿಗೆ ಒಂದೂ ಇರಲಿಲ್ಲ. ಅವನು ಪಟ್ಟಣದ ಮಾತನ್ನೇ ಆಡುತ್ತಿದ್ದ. ಮೂಲದಲ್ಲಿ ನಗು ಬರುತ್ತಿದ್ದದ್ದು ಅವನ ಕೊಂಕಿಗೆ.

ಗೆಳತಿಗೆ ಹಾಳೆ ತೋರಿಸಿದೆ.

"ಬೇ ಅಂತಾಳಾ? ಏನು, ನಮ್ಮ ಬಸ್ ಸ್ಟ್ಯಾಂಡಲ್ಲಿ ಆಟೋದವ್ರು ಕ್ಯಾ ಬೇ ಅಂತಾರಲ್ಲ, ಹಾಗಾ?"

"ನಮ್ಮ 'ಕಣ' ಇದ್ದ ಹಾಗೆ. ಅವಳು ಊರಿನ ಮಾತು ಆಡ್ತಿದಾಳೆ. ಅದಕ್ಕೇ ಅವರು ನಗೋದು. ಇಂಗ್ಲಿಷಿನೋರು ಅದನ್ನ ಒರೆಸಿ ಹಾಕಿದಾರೆ. ನಾವು ಅವಳ ಮಾತನ್ನ ತೆಗೆದು ಅಡುಗೆಯವನಿಗೆ ಕೊಟ್ಟಿದೀವಿ."

ಅವಳು ಕುರ್ಚಿ ತಿರುಗಿಸಿ ಕೂತಳು. "ಸರಿ. ನಾಯಕಿ ಅಳೋ ಸೀನಲ್ಲಿ 'ನಂಗೆ ಊರ್ಗೋಗ್ಬೇಕು ಕಣ' ಅಂತ ಬರುತ್ತೆ ಅಂದ್ಕೋ. ಓದೋರು ಏನ್ಮಾಡ್ತಾರೆ?"

ನಾನು ಗೀಟಿನ ಹಾಳೆಯನ್ನು ಮತ್ತೆ ಅವಳ ಮುಂದೆ ಸರಿಸಿದೆ.

"ನಗ್ತಾರೆ. ನಾನು ನಗು ಅಂತ ಹೇಳಿಕೊಟ್ಟಿಲ್ಲ ಮಾರಾಯ್ತಿ. ಸಿನಿಮಾದಲ್ಲಿ ಕಾಮಿಡಿಯೋನು ಹಾಗೆ ಮಾತಾಡ್ತಾನೆ, ಹೀರೋಯಿನ್ ಮಾತಾಡಲ್ಲ. ಅವಳನ್ನ ಜೋಕರ್ ಮಾಡ್ಬೇಡ. ಪಾಪ, ಎಂಟು ಕಂತು ಚೆನ್ನಾಗೇ ಮಾತಾಡಿದಾಳೆ."

ಅವಳ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವಳು ಹೇಳಿದ್ದು ನಿಜವಿರಬಹುದೆಂಬುದೇ ನನ್ನನ್ನು ತಿಂದದ್ದು. ಈಗ ನನಗೆ ಬೇಕಿದ್ದದ್ದು ಒಂದೇ: ಆ ಹುಡುಗಿ ನಮ್ಮ ಮಾತಿನಲ್ಲಿ ಅತ್ತರೆ ನಗದೆ ಕೇಳುವವರು ಇದ್ದಾರೋ ಇಲ್ಲವೋ ಎಂದು ತಿಳಿಯುವುದು. ಇಲ್ಲವಾದರೆ ನಾನು ಕಾಲೇಜಿನಲ್ಲಿ ಎರಡು ವರ್ಷದಿಂದ ಮಾಡುತ್ತಿರುವುದೇ ಸರಿ, ಹಕಾರ ಹುಷಾರಾಗಿ ನೋಡಿಕೊಂಡು ಬದುಕುವುದು.

ಒಂಬತ್ತನೆಯ ಕಂತನ್ನು ನಾನೊಬ್ಬಳೇ ಮತ್ತೆ ಬರೆದೆ. ಬರೆದ ಹಾಳೆಗಳನ್ನೂ ಆ ಕಂತಿನ ಸಿ.ಡಿ.ಯನ್ನೂ ತೆಗೆದುಕೊಂಡು ಭಾನುವಾರ ಅರಕಲಗೂಡಿಗೆ ಹೋದೆ. ಅಕ್ಕನನ್ನು ಕೊಟ್ಟಿದ್ದು ಅಲ್ಲಿಗೆ. ಭಾವ ದಿನಸಿ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಏನು ಹಾಕಿದರೂ ಓಡಿಸುವ ಅಗ್ಗದ ಡಿವಿಡಿ ಪ್ಲೇಯರ್ ಇತ್ತು. ಕನ್ನಡ ಸಾಲು ಮಾತ್ರ ಅದರಲ್ಲಿ ಮೂಡುತ್ತಿರಲಿಲ್ಲ. ಹಾಗಾಗಿ ಟಿವಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಯಾರು ತುಟಿ ಅಲುಗಿಸಿದರೂ ಅವರ ಮಾತನ್ನು ನಾನೇ ಓದಲು ಶುರು ಮಾಡಿದೆ. ಅಕ್ಕ ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತಳು.

ಉಪ್ಪಿನವರ ಮಗಳು ಬಾಯಿ ತೆರೆದಳು. "ನಾನಿನ್ನು ಓಗ್ಬತ್ತೀನಿ ಕಣ್ರವ್ವ" ಎಂದು ಓದಿದೆ.

ಅಕ್ಕ ಕಾಯಿ ಕೈಬಿಟ್ಟು ನಕ್ಕಳು. "ಅಯ್ಯೋ, ಇದೇನೇ, ಈ ಕಣ್ಣುದಪ್ಪಿ ನಮ್ಮವ್ವ ಮಾತಾಡ್ದಂಗೆ ಮಾತಾಡ್ತಳೆ."

ಗೆಳತಿ ಗೆದ್ದಳು ಎಂದುಕೊಂಡೆ. ಹಾಳೆ ಮಡಚಬೇಕೆನಿಸಿತು. ನಮ್ಮವರೇ ನಗುತ್ತಾರೆಂದ ಮೇಲೆ ಇನ್ನೇನು? ಆದರೆ ತುಟಿಗಳು ಅಲುಗುತ್ತಲೇ ಇದ್ದವು, ಓದುತ್ತ ಹೋದೆ. ಶ್ರೀಮಂತ ಹುಡುಗಿ ನಕ್ಕು, 'ಸರಿಯಾಗಿ ಮಾತಾಡು' ಎಂದಳು. ಅದನ್ನು ಗೆಳತಿಯ ಮನೆಯವರ ಮಾತಿನ ಧಾಟಿಯಲ್ಲೇ ಓದಿದೆ. ಅಕ್ಕ ಈಗ ನಗಲಿಲ್ಲ.

"ಅಂಗ್ಯಾಕಂದ್ಲು ಅವ್ಳು?"

"ಇವ್ಳು ಮಾತಾಡೋದು ಸರಿಯಿಲ್ವಂತೆ."

"ಏನು ಸರಿಯಿಲ್ಲ? ಓಗ್ಬತ್ತೀನಿ ಅಂತ ಏಳೇ ಓಯ್ತಾವ್ಳೆ. ಏಳ್ದೆ ಓಗ್ಬೇಕಿತ್ತಾ?" ಅಕ್ಕ ಮತ್ತೆ ಕಾಯಿ ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ನಿಂಗೂ ಅಂಗಂತಾರಾ ಆಸನ್ದಾಗೆ?"

"ಇಲ್ಲ ಕಣಕ್ಕ. ನಾನು ಅಲ್ಲಿ ಇಂಗೆ ಮಾತಾಡಲ್ಲ."

"ಮತ್ತೆ ಎಂಗೆ ಮಾತಾಡ್ತೀಯ? ಒಂದ್ಸಲ ಮಾತಾಡು ನೋಡಾನ."

ಹಾಸ್ಟೆಲಿನ ವಾರ್ಡನ್ ಹತ್ತಿರ ಊರಿಗೆ ಹೋಗಲು ರಜೆ ಕೇಳುವುದನ್ನು ಆಡಿ ತೋರಿಸಿದೆ. ಅಕ್ಕ ಇದಕ್ಕೆ ಮೊದಲಿಗಿಂತ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಲ್ಲಿ ಒರೆಸಿಕೊಂಡು, "ಸಾಕು ನಿಲ್ಸು ತಾಯಿ, ನ್ಯೂಸ್ ಓದೋಳಂಗೆ ಕಾಣ್ತೀಯ. ಆ ಉಡ್ಗಿ ಕತೆ ಏನಾಯ್ತದೆ ಅದ್ನೇಳು. ಇಂಗೆ ಮಾತಾಡ್ಕಂಡು ಅವ್ರ ಮಧ್ಯ ಉಳೀತಾಳಾ?" ಎಂದಳು.

ಎಂಟು ಕಂತು ಹಾಕಿದ್ದರೂ ಬ್ಲಾಗಿನಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಚಿತ್ರ ಚೆನ್ನಾಗಿದೆ, ಅಡುಗೆಯವನು ಸೂಪರ್, ಮುಂದಿನ ಕಂತು ಯಾವಾಗ ಎಂದು ಕೇಳಿದ್ದರು. ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಯಾರಿಗೂ ಹೆದರಿಕೆಯಾಗಿರಲಿಲ್ಲ. ಪುಸ್ತಕದ ಹಾಗೆ ಮಾತಾಡುವವಳು ರಾಜಧಾನಿಯಲ್ಲಿ ಉಳಿಯದೆ ಇನ್ನೇನು?

ಸೋಮವಾರ ಕ್ಲಾಸಿನಲ್ಲಿ ಹಾಳೆಗಳನ್ನು ಗೆಳತಿಯ ಮುಂದಿಟ್ಟೆ. ಅಕ್ಕ ನಕ್ಕದ್ದನ್ನೂ ಹೇಳಿದೆ, ಆಮೇಲೆ ಕೇಳಿದ್ದನ್ನೂ ಹೇಳಿದೆ. ಅವಳು ಎರಡು ಪೀರಿಯಡ್ ಪೂರ್ತಿ ಅವನ್ನೇ ಓದಿದಳು. ಕೊನೆಗೆ, "ಹಾಕೋಣ. ಆದ್ರೆ ಹಿಂದಿನ ಎಂಟನ್ನ ನಾನು ತಿದ್ದಲ್ಲ. ಬೈಸ್ಕೊಳೋದು ನೀನೇ" ಎಂದಳು.

ಮೊದಲ ಬೈಗುಳ ಎರಡೇ ದಿನಕ್ಕೆ ಬಂತು. ಸೈಬರ್ ಕೆಫೆಯಲ್ಲಿ ಓದಿದೆ. 'ಇಷ್ಟು ದಿನ ಸೊಗಸಾಗಿ ಮಾಡುತ್ತಿದ್ದಿರಿ. ನಾಯಕಿಯ ಭಾಷೆ ಇದ್ದಕ್ಕಿದ್ದಂತೆ ಯಾಕೆ ಹಾಳಾಯಿತು?' ಉತ್ತರ ಬರೆಯಲು ಕೂತೆ. ಗೀಟಿನ ಲೆಕ್ಕ, 'ಬೇ' ಸದ್ದು, ಇಂಗ್ಲಿಷಿನ ತಪ್ಪು, ಎಲ್ಲವನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿ ವಿವರಿಸಿದೆ. ಓದಿ ನೋಡಿ ಅಳಿಸಿದೆ. ಇನ್ನೊಮ್ಮೆ ಬರೆದು ಇನ್ನೊಮ್ಮೆ ಅಳಿಸಿದೆ. ಕೆಫೆಯವನು ಟೈಮಾಯಿತೆಂದು ಕೂಗಿದ. ಕೊನೆಗೆ ಬೆರಳು ಬರೆದದ್ದನ್ನು ಓದಿಯೂ ನೋಡದೆ ಕಳಿಸಿಬಿಟ್ಟೆ.

"ಆಳಾಗಿಲ್ಲ ಕಣಣ್ಣ. ಅವ್ಳು ಮೊದ್ಲಿಂದ್ಲೂ ಇಂಗೇ ಮಾತಾಡ್ತಿದ್ಲು. ನಾವೇ ಸರ್ಯಾಗಿ ಕೇಳಿಸ್ಕಂಡಿರ್ಲಿಲ್ಲ."

ಸಂಜೆ ಹಾಸ್ಟೆಲಿನ ಫೋನಿಗೆ ಗೆಳತಿಯ ಕರೆ ಬಂತು.

"ನಿನ್ನ ಉತ್ತರ ನೋಡಿದೆ. ಮೊದಲನೇ ಪದದಲ್ಲೇ ಹ ಬಿಟ್ಟು ಹೋಗಿದೆ. ಆಳಾಗಿಲ್ಲ ಅಂತಾಗಿದೆ. ತಿದ್ಲಾ?"

"ಬೇಡ. ಅದು ಬಿಟ್ಟು ಹೋಗಿದ್ದಲ್ಲ."

ಹಿಂದೆ ಮೇಷ್ಟರು ಟಿವಿಯಲ್ಲಿ ವಾರ್ತೆ ಕೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಹಾಗಾದ್ರೆ ಹತ್ತನೇ ಕಂತಲ್ಲಿ ಅಡುಗೆಯವನು ಹೇಗೆ ಮಾತಾಡ್ಬೇಕು?"

"ನಿಮ್ಮನೇಲಿ ಮಾತಾಡೋ ಹಾಗೆ."

"ನಮ್ಮನೆ ಮಾತಲ್ಲಿ ಯಾರು ನಗ್ತಾರೆ ಕಣೆ?"

"ಅವನು ಹೇಳೋ ವಿಷಯಕ್ಕೆ ನಗ್ಲಿ. ಬರೆದು ನೋಡು. ಈ ಸಲ ಅವನ ಸಾಲು ನೀನೇ ಬರಿಬೇಕು, ನನ್ನನ್ನ ಕೇಳೋ ಹಾಗಿಲ್ಲ."

"ಕಷ್ಟ ಕಣೆ" ಎಂದಳು. ಪೆನ್ನು ಹುಡುಕುತ್ತಿರುವ ಸದ್ದು ಕೇಳಿಸಿತು.